ಕೇಳಿ ಒಳಗೆ, ಹೇಳಿ ಹೊರಗೆ

ಶ್ರವಣಬೆಳಗೊಳಕ್ಕೆ ಬರುವ ಯಾತ್ರಿಕರಲ್ಲಿ ಬಹುಮಂದಿ ದೊಡ್ಡಬೆಟ್ಟವನ್ನೇರಿ, ಗೊಮ್ಮಟಸ್ವಾಮಿಯ ಪಾದಕ್ಕೆ ನಮಿಸಿ, ಕೆಳಗಿಳಿದು ಎಳನೀರು ಕುಡಿದು ಊರ ದಾರಿ ಹಿಡಿಯುತ್ತಾರೆ. ಎದುರಿಗೇ ಇರುವ ಚಿಕ್ಕಬೆಟ್ಟವು ಅವರು ತೆಗೆಸಿಕೊಂಡ ಭಾವಚಿತ್ರಗಳ ಹಿನ್ನೆಲೆಯಲ್ಲಿ ಉಳಿದುಬಿಡುತ್ತದೆ. ಆದರೆ ತೀರ್ಥವಾಗಿ ಹಿರಿಯದು ಚಿಕ್ಕಬೆಟ್ಟವೇ. ಚಾವುಂಡರಾಯನು ದೊಡ್ಡಬೆಟ್ಟದ ನೆತ್ತಿಯಲ್ಲಿ ಬಾಹುಬಲಿಯನ್ನು ನಿಲ್ಲಿಸಿದ್ದು ಕ್ರಿ.ಶ. 981ರ ಸುಮಾರಿಗೆ. ಆ ಹೊತ್ತಿಗಾಗಲೇ ಚಿಕ್ಕಬೆಟ್ಟದ ಬಂಡೆಗಳ ಮೇಲೆ ತಪಸ್ವಿಗಳ ಹೆಸರುಗಳು ನೂರಾರು ವರ್ಷಗಳ ಬಿಸಿಲು ಮಳೆಗಳನ್ನು ಕಂಡಿದ್ದವು.

ಕಳೆದ ಪುಷ್ಯಮಾಸದ ಒಂದು ಬೆಳಗ್ಗೆ ಸಾಮಾಯಿಕಕ್ಕೆಂದು ನಾನು ಆ ಬೆಟ್ಟವನ್ನು ಹತ್ತಿದ್ದೆ. ಮೊಣಕಾಲು ಮೊದಲಿನಂತಿಲ್ಲ, ಇನ್ನೆಷ್ಟು ವರ್ಷ ಹತ್ತಬಲ್ಲೆನೋ ಎಂಬ ಲೆಕ್ಕ ಈಚೆಗೆ ತಾನಾಗಿಯೇ ತಲೆಯಲ್ಲಿ ನಡೆಯುತ್ತಿರುತ್ತದೆ. ಬಸದಿಗಳಲ್ಲಿ ದರ್ಶನ ಮುಗಿಸಿ, ಶಾಸನಗಳಿರುವ ಬಂಡೆಯ ಕಡೆಗೆ ಬಂದರೆ, ಅಲ್ಲಿ ಹತ್ತು ಹನ್ನೆರಡು ಮಂದಿ ಯುವಕ ಯುವತಿಯರು ಬಣ್ಣಬಣ್ಣದ ಚಾಪೆಗಳನ್ನು ಹಾಸಿಕೊಂಡು ಕಣ್ಣು ಮುಚ್ಚಿ ಕುಳಿತಿದ್ದರು. ನಡುವೆ ಒಂದು ಪುಟ್ಟ ಸ್ಪೀಕರ್. ಅದರಿಂದ ತೊರೆ ಹರಿಯುವ ಸದ್ದು, ಹಕ್ಕಿಗಳ ಕೂಗು ಹೊರಡುತ್ತಿತ್ತು. ಪಕ್ಕದ ಮರದಲ್ಲಿದ್ದ ನಿಜವಾದ ಹಕ್ಕಿಗಳು ಸುಮ್ಮನಾಗಿದ್ದವು. ಅವರನ್ನು ಕೂರಿಸಿದ್ದ ವ್ಯಕ್ತಿ ಮೆಲುದನಿಯಲ್ಲಿ, ‘ಈ ಬೆಟ್ಟದ ಶಕ್ತಿಯನ್ನು ನಿಮ್ಮೊಳಗೆ ಎಳೆದುಕೊಳ್ಳಿ’ ಎಂದು ಹೇಳಿಕೊಡುತ್ತಿದ್ದರು. ಒಂದು ಚಾಪೆಯ ಅಂಚು ಕಲ್ಲಿನ ಅಕ್ಷರಗಳ ಮೇಲೆ ಹಾಸಿಕೊಂಡಿತ್ತು.

ನಾನು ಸ್ವಲ್ಪ ದೂರದಲ್ಲಿ ಪೂರ್ವಾಭಿಮುಖವಾಗಿ ಕುಳಿತು ಸಾಮಾಯಿಕ ಆರಂಭಿಸಿದೆ. ಶ್ರಾವಕನ ಸಾಮಾಯಿಕಕ್ಕೆ ಒಂದು ಮುಹೂರ್ತದ ಅವಧಿ, ಅಂದರೆ ಎರಡು ಗಳಿಗೆ, 48 ನಿಮಿಷ. ಅಷ್ಟು ಹೊತ್ತು ಎಲ್ಲ ಜೀವಿಗಳಲ್ಲಿ ಸಮಭಾವ, ಸಾವದ್ಯ ಕ್ರಿಯೆಗಳಿಂದ ನಿವೃತ್ತಿ. ನಾನು ಮಾಡಿದ್ದೇನು? ಆ 48 ನಿಮಿಷವೂ, ಎದ್ದ ಮೇಲೆ ಆ ಮಕ್ಕಳಿಗೆ ಏನೇನು ಹೇಳಬೇಕೆಂಬುದನ್ನು ಮನಸ್ಸಿನಲ್ಲೇ ಬರೆದು, ತಿದ್ದಿ, ಇನ್ನಷ್ಟು ಹರಿತ ಮಾಡಿಕೊಂಡೆ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿ ಆಚಾರ್ಯರು ಆರ್ತಧ್ಯಾನಕ್ಕೆ ನಾಲ್ಕು ಬಗೆ ಹೇಳುತ್ತಾರೆ. ಅವುಗಳಲ್ಲಿ ಒಂದು, ಅಪ್ರಿಯವಾದುದು ಎದುರಾದಾಗ ಅದು ಯಾವಾಗ ತೊಲಗೀತೆಂದು ಎಡೆಬಿಡದೆ ಚಿಂತಿಸುವುದು. ಪಾಠ ಹೇಳುವಾಗ ಈ ಸೂತ್ರಕ್ಕೆ ನಾನು ಕೊಡುತ್ತಿದ್ದ ಉದಾಹರಣೆಗಳೆಲ್ಲ ಪರರವು. ಅಂದು ಉದಾಹರಣೆ ನಾನೇ ಆಗಿದ್ದೆ.

ಎದ್ದು ಅವರ ಬಳಿಗೆ ಹೋಗುವಷ್ಟರಲ್ಲಿ, ಚಾಪೆಯ ಅಂಚು ಅಕ್ಷರಗಳ ಮೇಲಿದ್ದ ಹುಡುಗಿಯೇ ನನ್ನ ಕಡೆಗೆ ಬಂದಳು. ‘ಸರ್, ಇಲ್ಲಿ ಕಲ್ಲಿನ ಮೇಲೆ ಏನು ಬರೆದಿದೆ? ನಿಮಗೆ ಓದೋಕೆ ಬರುತ್ತಾ?’

‘ಇಲ್ಲಿ ವ್ರತ ಹಿಡಿದು ದೇಹ ಬಿಟ್ಟವರ ಹೆಸರುಗಳಮ್ಮಾ’ ಎಂದೆ. ಅವಳು ತಟ್ಟನೆ ಚಾಪೆಯನ್ನು ಎಳೆದುಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು: ‘ಹಾಗಾದರೆ ನಾವು ಸ್ಮಶಾನದಲ್ಲಿ ಕೂತು ಧ್ಯಾನ ಮಾಡ್ತಿದ್ದೀವಾ ಸರ್?’

ನಾನು ಸಿದ್ಧಪಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಆ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಶಾಲೆಯ ಮಕ್ಕಳನ್ನು ವರ್ಷವರ್ಷವೂ ಆ ಬೆಟ್ಟಕ್ಕೆ ಕರೆತಂದವನು ನಾನು. ಬಸದಿಗಳ ಹೆಸರು, ಕಟ್ಟಿಸಿದವರು, ಇಸವಿ, ಮೆಟ್ಟಿಲುಗಳ ಎಣಿಕೆ, ಎಲ್ಲವನ್ನೂ ಟಿಪ್ಪಣಿ ಪುಸ್ತಕದಲ್ಲಿ ಬರೆಸಿದ್ದೇನೆ. ಈ ಬೆಟ್ಟ ಏತಕ್ಕಾಗಿ ಇದೆ ಎಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ, ನಾನಾಗಿ ಹೇಳಲೂ ಇಲ್ಲ. ಅಂದು ತೊದಲಿದ ಉತ್ತರವನ್ನು ಇಲ್ಲಿ ಸಾವಧಾನವಾಗಿ ಬರೆಯಲು ಯತ್ನಿಸುತ್ತೇನೆ.

ಚಿಕ್ಕಬೆಟ್ಟದ ಹಳೆಯ ಹೆಸರು ಸಂಸ್ಕೃತದಲ್ಲಿ ಕಟವಪ್ರ, ಕನ್ನಡದಲ್ಲಿ ಕಳ್ವಪ್ಪು. ಶ್ರವಣಬೆಳಗೊಳದ ಶಾಸನಗಳನ್ನು ಬಿ.ಎಲ್. ರೈಸ್ ಅವರು 1889ರಲ್ಲಿ ಮೊದಲು ಪ್ರಕಟಿಸಿದಾಗ ಅವುಗಳ ಸಂಖ್ಯೆ 144. ಆರ್. ನರಸಿಂಹಾಚಾರ್ ಅವರ 1923ರ ಪರಿಷ್ಕರಣದಲ್ಲಿ ಅದು 500ಕ್ಕೆ ಏರಿತು. 1973ರ ಆವೃತ್ತಿಯಲ್ಲಿ 573 ಆಯಿತು. ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಈ ಪುಟ್ಟ ಬೆಟ್ಟದಲ್ಲೇ ಇವೆ. ಕ್ರಿ.ಶ. 600ರ ಸುಮಾರಿನದೆಂದು ಹೇಳಲಾಗುವ ಮೊದಲ ಶಾಸನ ಪಾರ್ಶ್ವನಾಥ ಬಸದಿಯ ಸಮೀಪದ ಬಂಡೆಯಲ್ಲಿದೆ. ಉತ್ತರದೇಶದಲ್ಲಿ ಬರುವ ಹನ್ನೆರಡು ವರ್ಷಗಳ ಕ್ಷಾಮವನ್ನು ಭದ್ರಬಾಹುಸ್ವಾಮಿಗಳು ಮುಂಗಂಡದ್ದು, ಸಂಘವು ದಕ್ಷಿಣಕ್ಕೆ ಹೊರಟದ್ದು, ಪ್ರಭಾಚಂದ್ರರೆಂಬ ಆಚಾರ್ಯರು ತಮ್ಮ ಆಯುಷ್ಯ ಉಳಿದಿರುವುದು ಅಲ್ಪವೆಂದರಿತು ಸಂಘವನ್ನು ಮುಂದಕ್ಕೆ ಕಳುಹಿ, ಒಬ್ಬನೇ ಶಿಷ್ಯನೊಡನೆ ಇಲ್ಲಿ ಉಳಿದು ಸಮಾಧಿಯನ್ನು ಸಾಧಿಸಿದ್ದು, ಕಾಲಕ್ರಮದಲ್ಲಿ ಏಳುನೂರು ಋಷಿಗಳು ಅದೇ ದಾರಿಯಲ್ಲಿ ಸಾಗಿದ್ದು, ಇಷ್ಟನ್ನೂ ಅದು ಹೇಳುತ್ತದೆ. ಆ ಪ್ರಭಾಚಂದ್ರರೇ ದೀಕ್ಷೆ ಪಡೆದ ಚಂದ್ರಗುಪ್ತ ಮೌರ್ಯನೆಂದು ನಮ್ಮ ಪರಂಪರೆ ನಂಬುತ್ತದೆ. ಬೆಟ್ಟಕ್ಕೆ ಚಂದ್ರಗಿರಿ ಎಂಬ ಹೆಸರು ಬಂದದ್ದೂ ಅವನಿಂದಲೇ ಎನ್ನುತ್ತಾರೆ.

ಈ ಶಾಸನದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ಸಂಗತಿ. ಅದರಲ್ಲಿ ಬೆಟ್ಟದ ವರ್ಣನೆ ಸಾಕಷ್ಟು ದೀರ್ಘವಾಗಿದೆ. ಹೂಹಣ್ಣುಗಳಿಂದ ಬಾಗಿದ ಮರಗಳಿವೆ, ನೀರು ತುಂಬಿದ ಮೋಡದಂತೆ ಕಪ್ಪಾದ ಬಂಡೆಗಳಿವೆ. ಅವುಗಳ ಜೊತೆಗೇ ಹಂದಿ, ಚಿರತೆ, ಹುಲಿ, ಕರಡಿ, ಕತ್ತೆಕಿರುಬ, ಹಾವುಗಳಿಂದ ತುಂಬಿದ ಕಣಿವೆ, ಗುಹೆಗಳೂ ಇವೆ. ಅಂದರೆ ಪ್ರಭಾಚಂದ್ರರು ಕುಳಿತದ್ದು ರಮಣೀಯ ತಾಣವೆಂದು ಆರಿಸಿಕೊಂಡ ಜಾಗದಲ್ಲಲ್ಲ. ಅದು ಬೇರೆ ಜೀವಿಗಳ ಮನೆ. ಅವರು ಅಲ್ಲಿ ಅತಿಥಿ. ತಂಪಾದ ಶಿಲೆಯಷ್ಟು ಜಾಗವನ್ನು ಪಡೆದು, ಆ ಜಾಗದಲ್ಲಿ ತಮ್ಮದೆಂಬ ಕೊನೆಯ ವಸ್ತುವನ್ನೂ, ಅಂದರೆ ದೇಹವನ್ನೂ, ಇಳಿಸಿ ಹೋದರು.

ಹೀಗೆ ಇಳಿಸಿ ಹೋದವರಲ್ಲಿ ಮುನಿಗಳಷ್ಟೇ ಅಲ್ಲ, ಕಂತಿಯರೂ ಇದ್ದಾರೆ. ಏಳನೆಯ ಶತಮಾನದ ಆಸುಪಾಸಿನ ಕನ್ನಡ ಬರಹಗಳು ಎರಡು ಮೂರು ಸಾಲಿನವು: ಇಂಥ ಊರಿನವರು, ಇಂಥವರ ಶಿಷ್ಯೆ, ಇಷ್ಟು ದಿನ ನೋಂತು ಮುಡಿಪಿದರು. ಒಬ್ಬ ಕಂತಿ ಮೂರು ತಿಂಗಳು ನೋಂತರೆಂದಿದೆ. ಹೊಗಳಿಕೆಯಿಲ್ಲ, ಗೋಳಿಲ್ಲ. ನಂದಿಸೇನ ಮುನಿಯ ಶಾಸನವಂತೂ ಕನ್ನಡ ಕಾವ್ಯದ ಆದಿಯಲ್ಲೇ ನಿಲ್ಲುವಂಥದು; ರೂಪ, ಸಂಪತ್ತು, ವೈಭವಗಳನ್ನು ಕಾಮನಬಿಲ್ಲಿಗೂ ಮಿಂಚಿಗೂ ಮಂಜಿಗೂ ಹೋಲಿಸಿ, ಇವು ಯಾರಿಗೆ ಶಾಶ್ವತವೆಂದು ಕೇಳುವ ಆ ಮುನಿ, ಮಳೆಗಾಲದ ಬೆಟ್ಟದ ಮೇಲೆ ನಿಂತು ಕಂಡದ್ದನ್ನೇ ಹೇಳಿದರೇನೋ ಎನಿಸುತ್ತದೆ. ಅನಿತ್ಯ ಅನುಪ್ರೇಕ್ಷೆಗೆ ಆಕಾಶವೇ ಪಾಠದ ಹಲಗೆಯಾಗಿತ್ತು.

ಆದ್ದರಿಂದ ಆ ಹುಡುಗಿಗೆ ನಾನು ಹೇಳಬೇಕಾಗಿದ್ದುದು ಇದು. ಸ್ಮಶಾನವೆಂದರೆ ಸತ್ತವರನ್ನು ಇತರರು ಹೊತ್ತು ತರುವ ಜಾಗ. ಇಲ್ಲಿಗೆ ಅವರು ತಾವೇ ನಡೆದು ಬಂದರು. ಅದಕ್ಕಾಗಿಯೇ ಈ ನೆಲೆಗೆ ನಿಷಿಧಿ ಎಂಬ ಬೇರೆ ಹೆಸರಿದೆ.

ನಿಷಿಧಿ ಎಂಬ ಪದದ ಒಡಹುಟ್ಟಿದ ಇನ್ನೊಂದು ಪದ ನಮ್ಮ ನಾಲಗೆಯ ಮೇಲೆ ಪ್ರತಿದಿನ ಇದೆ. ಬಸದಿಯ ಹೊಸಿಲು ದಾಟುವಾಗ ‘ನಿಸ್ಸಹಿ, ನಿಸ್ಸಹಿ, ನಿಸ್ಸಹಿ’ ಎನ್ನುತ್ತೇವೆ; ಹೊರಡುವಾಗ ‘ಆಸಹಿ’ ಎನ್ನುತ್ತೇವೆ. ಅನೇಕರಿಗೆ ಇದು ಅಜ್ಜಿ ಹೇಳಿಕೊಟ್ಟ ಶಬ್ದ, ಅಷ್ಟೆ. ನನಗೂ ಬಹುಕಾಲ ಅಷ್ಟೇ ಆಗಿತ್ತು. ವಟ್ಟಕೇರ ಆಚಾರ್ಯರ ಮೂಲಾಚಾರದಲ್ಲಿ ಮುನಿಗಳ ಸಮಾಚಾರವನ್ನು, ಅಂದರೆ ಒಪ್ಪುವ ನಡತೆಯ ಹತ್ತು ವಿಧಗಳನ್ನು ಹೇಳುವಲ್ಲಿ ಇದರ ಮೂಲವಿದೆ. ಕಂದರ, ನದಿಯ ಮರಳದಿಣ್ಣೆ, ಗುಹೆ ಮೊದಲಾದ ಜಾಗಗಳನ್ನು ಹೊಗುವಾಗ ಮುನಿಯು ನಿಷೇಧಿಕೆಯನ್ನು ಮಾಡಬೇಕು. ಅಲ್ಲಿಂದ ಹೊರಡುವಾಗ ಆಸಿಕೆಯನ್ನು ಮಾಡಬೇಕು. ಅಲ್ಲಿ ವಾಸಿಸುವವರು ಯಾರೇ ಇರಲಿ, ದೇವತೆಯೇ ಇರಲಿ, ಅವರ ಅನುಮತಿ ಕೇಳಿ ಒಳಹೋಗಬೇಕು, ಹೇಳಿ ಹೊರಬರಬೇಕು ಎಂಬುದು ಅದರ ತಾತ್ಪರ್ಯ. ಜೊತೆಗೆ, ಲೌಕಿಕ ವ್ಯಾಪಾರವನ್ನು ಇಲ್ಲಿಗೆ ನಿಷೇಧಿಸಿದ್ದೇನೆಂದು ತನಗೆ ತಾನೇ ಹೇಳಿಕೊಳ್ಳುವುದೂ ಹೌದು.

ಗಮನಿಸಿ, ಆ ಗಾಹೆಯು ಮೊದಲು ನೆನೆಯುವುದು ಕಟ್ಟಡವನ್ನಲ್ಲ. ಕಂದರ, ಮರಳದಿಣ್ಣೆ, ಗುಹೆಗಳನ್ನು. ನಾವು ಆ ಶಬ್ದವನ್ನು ಬಸದಿಯ ಹೊಸಿಲಿಗೆ ಮೀಸಲಿಟ್ಟು, ಬೆಟ್ಟದ ಬುಡದಲ್ಲಿ ಮರೆತೆವು. ಬೆಟ್ಟದ ಮೇಲಿನ ಬಸದಿಗೆ ನಿಸ್ಸಹಿ ಎನ್ನುವವನು ಬೆಟ್ಟಕ್ಕೆ ಎನ್ನುವುದಿಲ್ಲ.

ಏತಕ್ಕೆ ಎನ್ನಬೇಕು? ನಮ್ಮ ಆಗಮದ ಪ್ರಕಾರ ಬೆಟ್ಟವು ದೃಶ್ಯವಲ್ಲ, ವಸತಿ. ಮಣ್ಣು, ನೀರು, ಬೆಂಕಿ, ಗಾಳಿ, ಗಿಡ ಇವೆಲ್ಲ ಏಕೇಂದ್ರಿಯ ಜೀವಗಳ ಕಾಯಗಳು. ಅವುಗಳ ಮೇಲೆ ಎರಡು, ಮೂರು, ನಾಲ್ಕು ಇಂದ್ರಿಯಗಳ ಹುಳ, ಇರುವೆ, ದುಂಬಿಗಳ ಸಂಸಾರ. ಮುನಿಯು ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ ಹೆಜ್ಜೆಯಿಡಬೇಕೆಂಬ ಈರ್ಯಾಸಮಿತಿಯ ನಿಯಮ ಹುಟ್ಟಿದ್ದು ಈ ಅರಿವಿನಿಂದ. ಮಳೆಗಾಲದಲ್ಲಿ ಜೀವೋತ್ಪತ್ತಿ ಅಧಿಕವಾಗಿರುವುದರಿಂದಲೇ ಚಾತುರ್ಮಾಸ. ವಿಹಾರ ಬಿಟ್ಟು ಒಂದೆಡೆ ನಿಲ್ಲುವ ಕಾಲ ಅದು. ಆದರೆ ತೀರ್ಥಹಳ್ಳಿ ತಾಲ್ಲೂಕಿನ ಕುಂದಾದ್ರಿಯಂಥ ಬೆಟ್ಟಕ್ಕೆ, ಕುಂದಕುಂದ ಆಚಾರ್ಯರ ತಪೋಭೂಮಿಯೆಂದು ನಾವು ಪೂಜಿಸುವ ಆ ಶಿಖರಕ್ಕೆ, ಮಳೆ ಹಿಡಿದ ಮೇಲೆಯೇ ಮಂಜು ನೋಡುವವರ ವಾಹನಗಳು ಸಾಲುಗಟ್ಟುತ್ತವೆ. ತುದಿಯ ಹತ್ತಿರದವರೆಗೂ ರಸ್ತೆಯಿದೆ. ಆಚಾರ್ಯರು ನಡೆಯದೆ ನಿಂತ ಋತುವಿನಲ್ಲಿ ನಾವು ಚಕ್ರದ ಮೇಲೆ ಹೋಗುತ್ತೇವೆ. ಸೂರ್ಯೋದಯ ನೋಡುವುದು ಪಾಪವೆಂದು ನಾನು ಹೇಳುತ್ತಿಲ್ಲ. ವಯಸ್ಸಾದವರಿಗೆ ರಸ್ತೆ ಉಪಕಾರವನ್ನೂ ಮಾಡಿದೆ, ನಾನೂ ಅದೇ ರಸ್ತೆಯಲ್ಲಿ ಹೋದವನೇ. ಆದರೆ ಕೆಳಗೆ ಇಳಿಯುವಾಗ ಗಾಜಿನ ಮೇಲೆ ಹಚ್ಚಿಕೊಂಡಿದ್ದ ಹುಳಗಳನ್ನು ಚಾಲಕ ಒರೆಸಿದ ಬಟ್ಟೆ ಇಂದಿಗೂ ಕಣ್ಣ ಮುಂದಿದೆ.

ಇನ್ನು ‘ಶಕ್ತಿ’ಯ ಮಾತು. ಹಳೆಯ ಬೆಟ್ಟಗಳಲ್ಲಿ, ಗುಹೆಗಳಲ್ಲಿ ‘ಪಾಸಿಟಿವ್ ಎನರ್ಜಿ’ ಇದೆ, ಅಲ್ಲಿ ಕುಳಿತರೆ ಅದು ನಮ್ಮೊಳಗೆ ಇಳಿಯುತ್ತದೆ ಎಂಬ ನಂಬಿಕೆ ಈಗ ಬಹಳ ಹಬ್ಬಿದೆ. ಜೈನರ ಬಾಯಲ್ಲೂ ಕೇಳುತ್ತೇನೆ. ನಮ್ಮ ಶಾಸ್ತ್ರವು ಕ್ಷೇತ್ರದ ಮಹಿಮೆಯನ್ನು ಅಲ್ಲಗಳೆಯುವುದಿಲ್ಲ. ನಾಮ, ಸ್ಥಾಪನಾ, ದ್ರವ್ಯ, ಕ್ಷೇತ್ರ, ಕಾಲ, ಭಾವ ಎಂಬ ಆರು ಬಗೆಯ ಮಂಗಲಗಳಲ್ಲಿ ಕ್ಷೇತ್ರಮಂಗಲವೂ ಒಂದು. ಶುಭಚಂದ್ರ ಆಚಾರ್ಯರ ಜ್ಞಾನಾರ್ಣವದಲ್ಲಿ ಧ್ಯಾನಕ್ಕೆ ಒಪ್ಪುವ, ಒಪ್ಪದ ಸ್ಥಳಗಳ ವಿಚಾರವೇ ಇದೆ. ಆದರೆ ಕ್ಷೇತ್ರವು ನಿಮಿತ್ತ ಮಾತ್ರ. ಉಪಾದಾನ ನಮ್ಮ ಆತ್ಮದ ಪರಿಣಾಮವೇ. ಕಲ್ಲಿನಿಂದ ಏನೂ ಹರಿದು ಬಂದು ನಮ್ಮನ್ನು ತುಂಬುವುದಿಲ್ಲ. ತುಂಬಿಕೊಳ್ಳಲು ಹೋಗುವ ಬಯಕೆಯೇ ಇನ್ನೊಂದು ಆಸ್ರವ. ಬೆಟ್ಟದಿಂದ ನೆಮ್ಮದಿಯನ್ನೋ ಆರೋಗ್ಯವನ್ನೋ ಉದ್ಯೋಗದ ಉನ್ನತಿಯನ್ನೋ ಪಡೆದು ಬರುವೆನೆಂದು ಹೊರಟರೆ ಅದು ನಿದಾನ. ಅದೂ ಆರ್ತಧ್ಯಾನದ ಪಟ್ಟಿಯಲ್ಲೇ ಇದೆ.

ಬಾಹುಬಲಿಯನ್ನೇ ನೋಡಿ. ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತ. ಬಳ್ಳಿಗಳು ಕಾಲು ತೋಳುಗಳನ್ನು ಸುತ್ತಿದವು, ಪಾದದ ಬಳಿ ಹುತ್ತ ಬೆಳೆಯಿತು, ಹಾವುಗಳು ಹರಿದಾಡಿದವು. ಕಾಡು ಅವನನ್ನು ಒಂದು ಮರವೆಂದೇ ಒಪ್ಪಿಕೊಂಡಿತ್ತು. ಪ್ರಕೃತಿಯ ಮಡಿಲಲ್ಲಿ ಅದಕ್ಕಿಂತ ದೀರ್ಘವಾದ ಶಿಬಿರವಿಲ್ಲ. ಆದರೂ ಕೇವಲಜ್ಞಾನ ಬರಲಿಲ್ಲ. ನಿಂತಿರುವ ನೆಲ ಅಣ್ಣ ಭರತನದೆಂಬ ಒಂದು ಎಳೆ ಒಳಗೆ ಮುಳ್ಳಾಗಿ ಉಳಿದಿತ್ತೆಂದು ನಮ್ಮ ಮನೆಗಳಲ್ಲಿ ಕಥೆ ಹೇಳುತ್ತಾರೆ. ಭರತನೇ ಬಂದು ನಮಿಸಿದ ಮೇಲೆ ಆ ಶಲ್ಯ ಕಳಚಿತು. ಬಳ್ಳಿ ಹುತ್ತಗಳಿಂದ ಆಗದೆ ಉಳಿದ ಕೆಲಸ ಅದೊಂದು.

ನಮ್ಮ ಕನ್ನಡನಾಡಿನವರೇ ಆದ ಪೂಜ್ಯಪಾದ ಆಚಾರ್ಯರು ಸಮಾಧಿತಂತ್ರದಲ್ಲಿ ಈ ವಿಚಾರವನ್ನು ನೇರವಾಗಿ ಎತ್ತಿಕೊಂಡಿದ್ದಾರೆ. ಊರು, ಕಾಡು ಎಂಬ ಎರಡು ಬಗೆಯ ವಾಸ ಆತ್ಮವನ್ನು ಕಾಣದವರಿಗೆ ಮಾತ್ರ. ಕಂಡವರಿಗೆ ಆತ್ಮವೇ ವಾಸಸ್ಥಾನ ಎಂಬುದು ಅವರ ಅಭಿಪ್ರಾಯ. ಇದನ್ನು ಬಹಳ ಸಲ ಓದಿದ್ದೆ, ಓದಿಸಿದ್ದೆ. ಅರ್ಥವಾದದ್ದು ತಡವಾಗಿ.

ಮೂವತ್ತು ವರ್ಷಗಳ ಹಿಂದಿನ ಮಾತು. ಶಾಲೆಯ ಪ್ರವಾಸಕ್ಕೆ ನಮ್ಮ ತಾಯಿಯವರನ್ನೂ ಕರೆದುಕೊಂಡು ಹೋಗಿದ್ದೆ. ಅವರಿಗೆ ಒಂದೇ ಆಸೆ, ಚಿಕ್ಕಬೆಟ್ಟದ ಭದ್ರಬಾಹು ಗುಹೆಯಲ್ಲಿ ಸ್ವಾಮಿಗಳ ಪಾದದ ಎದುರು ಒಂದು ಸಾಮಾಯಿಕ. ಅವರು ಕುಳಿತರು. ಕೆಳಗೆ ಬಸ್ಸು ಕಾಯುತ್ತಿತ್ತು, ಮಕ್ಕಳು ಹಸಿದಿದ್ದರು, ಹಳೇಬೀಡು ನೋಡುವುದು ಬಾಕಿಯಿತ್ತು. ಇಪ್ಪತ್ತು ನಿಮಿಷಕ್ಕೇ ನಾನು ಗುಹೆಯ ಬಾಯಲ್ಲಿ ಬಗ್ಗಿ, ‘ಅಮ್ಮಾ, ಹೊತ್ತಾಯಿತು, ಏಳಿ’ ಎಂದೆ. ಅವರು ಕಣ್ಣು ತೆರೆದು ನನ್ನನ್ನು ನೋಡಿ, ಏನೂ ಹೇಳದೆ ಎದ್ದರು. ಬಸ್ಸು ಹೊರಟ ಮೇಲೆ ಮಕ್ಕಳು ಅಂತ್ಯಾಕ್ಷರಿ ಹಾಡುತ್ತ ಗದ್ದಲ ಮಾಡುತ್ತಿದ್ದರು. ತಿರುಗಿ ನೋಡಿದರೆ ತಾಯಿಯವರು ಕಿಟಕಿಯ ಪಕ್ಕ ಕೈಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಕದಲದೆ ಕುಳಿತಿದ್ದರು. ಉಳಿದ ಅವಧಿಯನ್ನು ಅಲ್ಲಿ ಮುಗಿಸಿದರು. ನಡುವೆ ಎದ್ದುದಕ್ಕೆ ಪ್ರಾಯಶ್ಚಿತ್ತವಾಗಿ ಮರುದಿನ ಒಪ್ಪೊತ್ತು ಮಾಡಿದರೆಂಬುದು ಆಮೇಲೆ ತಿಳಿಯಿತು. ಅವರನ್ನು ಮತ್ತೆ ಆ ಗುಹೆಗೆ ಕರೆದೊಯ್ಯಲು ನನಗೆ ಆಗಲಿಲ್ಲ. ಇಂದು ಸ್ಪೀಕರ್ ಇಟ್ಟುಕೊಂಡು ಬರುವವರ ಮೇಲೆ ಕೋಪಗೊಳ್ಳುವ ನಾನು, ಅಂದು ಆ ಬೆಟ್ಟದ ಮೇಲೆ ಬಸ್ಸಿನ ಗಡಿಯಾರ ಹೊತ್ತು ನಿಂತಿದ್ದೆ.

ಹೊಸ ರೂಢಿಗಳೆಲ್ಲ ಕೆಡುಕೆಂದು ತಿಳಿಯಬಾರದು. ಆಚಾರ್ಯ ತುಲಸಿಯವರ ಪ್ರೇರಣೆಯಲ್ಲಿ, ಮುಂದೆ ಆಚಾರ್ಯ ಮಹಾಪ್ರಜ್ಞರೆನಿಸಿದ ಮುನಿವರ್ಯರು 1975ರಲ್ಲಿ ರೂಪಿಸಿದ ಪ್ರೇಕ್ಷಾಧ್ಯಾನವೂ ಹೊಸದೇ. ಅದರ ಮೊದಲ ಮೆಟ್ಟಿಲು ಕಾಯೋತ್ಸರ್ಗ, ದೇಹದ ಮಮತೆಯನ್ನು ಸಡಿಲಿಸುವುದು. ನಮ್ಮ ದಿಗಂಬರ ಪದ್ಧತಿಯಲ್ಲಿ ಒಂಬತ್ತು ಣಮೋಕಾರಗಳನ್ನು ಇಪ್ಪತ್ತೇಳು ಉಸಿರುಗಳಲ್ಲಿ ಹೇಳಿ ಮಾಡುವ ಕಾಯೋತ್ಸರ್ಗಕ್ಕೂ ಅದಕ್ಕೂ ಹೆಸರು ಒಂದೇ, ಗುರಿಯೂ ಒಂದೇ. ಮೊಬೈಲಿನಲ್ಲಿ ಪ್ರತಿಕ್ರಮಣ ಪಾಠ ಓದುವವರನ್ನು ಕೆಲವರು ಆಕ್ಷೇಪಿಸುತ್ತಾರೆ. ಓಲೆಗರಿಯಲ್ಲಿ ಓದಿದ್ದನ್ನು ಗಾಜಿನ ಮೇಲೆ ಓದಿದರೆ ನನ್ನ ಅಭ್ಯಂತರವಿಲ್ಲ, ನಡುವೆ ಕರೆ ಬಂದರೆ ಮಾತ್ರ ಎತ್ತಬಾರದು. ಹಾಸಿಗೆ ಹಿಡಿದ ಹಿರಿಯರು ದೂರದ ಕ್ಷೇತ್ರದ ಅಭಿಷೇಕವನ್ನು ಪರದೆಯಲ್ಲಿ ನೋಡಿ ಭಾವವಂದನೆ ಮಾಡುವುದಂತೂ ಸರ್ವಥಾ ಯೋಗ್ಯ. ಆ ಬಣ್ಣದ ಚಾಪೆಗಳ ಬಗೆಗೂ ಯೋಚಿಸಿದ್ದೇನೆ. ಕುಳಿತುಕೊಳ್ಳುವ ಮೊದಲು ನೆಲವನ್ನು ಮೆತ್ತಗೆ ಗುಡಿಸಿ ಹಾಸಿದರೆ ಅದರಲ್ಲಿ ದೋಷವೇನು? ಮುನಿಯ ಪಿಂಛಿ ಮಾಡುವುದೂ ಆ ಕೆಲಸವನ್ನೇ.

ಕಲ್ಲಿನ ಮೇಲೆ ಹೆಸರು ಗೀಚುವ ಪ್ರವಾಸಿಗಳನ್ನು ಬಯ್ಯುವಾಗಲೂ ನಾನು ಸ್ವಲ್ಪ ತಡೆದುಕೊಳ್ಳುತ್ತೇನೆ. ಚಿಕ್ಕಬೆಟ್ಟದ ಲಕ್ಕಿದೊಣೆಯ ಬಳಿಯ ಬಂಡೆಯ ತುಂಬ ಹಳೆಯ ಯಾತ್ರಿಕರ ಹೆಸರುಗಳಿವೆ. ಅದೇ ಬೆಟ್ಟದಲ್ಲಿರುವ ‘ಕವಿರತ್ನ’ ಎಂಬ ಬರಹ ಮಹಾಕವಿ ರನ್ನನದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಬಂದೆ, ಕಂಡೆ ಎಂದು ಬರೆದಿಡುವ ಆಸೆ ಅಷ್ಟು ದೊಡ್ಡ ಕವಿಯನ್ನೂ ಬಿಟ್ಟಿರಲಿಲ್ಲ. ಇಂದಿನ ಮಕ್ಕಳು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಬಂಡೆಗೆ ಅದರಿಂದ ನೋವು ಕಡಿಮೆಯೇ. ಆದರೆ ರನ್ನನ ಕಾಲದಲ್ಲಿ ಬೆಟ್ಟಕ್ಕೆ ಬರುತ್ತಿದ್ದವರು ಎಷ್ಟು, ಈಗ ಒಂದು ಭಾನುವಾರಕ್ಕೆ ಬರುವವರು ಎಷ್ಟು? ಒಬ್ಬೊಬ್ಬರ ಬರಿಗಾಲಿನ ಉಜ್ಜಾಟವೂ ಸಾವಿರ ಪಟ್ಟಾದರೆ ಅಕ್ಷರ ಉಳಿಯದು. ಕೆಲವು ಶಾಸನಗಳಿಗೆ ಕಟಕಟೆ, ಗಾಜಿನ ಹೊದಿಕೆಗಳಿವೆ. ಎಲ್ಲಕ್ಕೂ ಹೊದಿಸಲು ಬೆಟ್ಟಕ್ಕೇ ಗಾಜು ಮುಚ್ಚಬೇಕಾದೀತು.

ಈ ಪ್ರಶ್ನೆ ನಮ್ಮ ಒಂದು ಬೆಟ್ಟದ್ದಲ್ಲ. ಇಪ್ಪತ್ತು ತೀರ್ಥಂಕರರು ಮೋಕ್ಷ ಪಡೆದ ಸಮ್ಮೇದ ಶಿಖರ ಜಾರ್ಖಂಡದ ಗಿರಿಡೀಹ್ ಜಿಲ್ಲೆಯಲ್ಲಿದೆ. ಅಲ್ಲಿಯ ಅರಣ್ಯದ ಸುತ್ತ 2019ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಪರಿಸರಸೂಕ್ಷ್ಮ ವಲಯವನ್ನು ಘೋಷಿಸಿದಾಗ ಅದರಲ್ಲಿ ಪರಿಸರ ಪ್ರವಾಸೋದ್ಯಮಕ್ಕೂ ಎಡೆಯಿತ್ತು. ದೇಶದಾದ್ಯಂತ ಜೈನರು ಬೀದಿಗಿಳಿದರು. ಉಪವಾಸ ಹಿಡಿದ ಮುನಿಯೊಬ್ಬರು ಜೈಪುರದಲ್ಲಿ ದೇಹತ್ಯಾಗ ಮಾಡಿದರು. 2023ರ ಜನವರಿ 5ರಂದು ಕೇಂದ್ರವು ಪ್ರವಾಸೋದ್ಯಮದ ಅಂಶಗಳಿಗೆ ತಡೆ ನೀಡಿ, ಬೆಟ್ಟದ ಮೇಲೆ ಮಾದಕ ವಸ್ತು, ಅಬ್ಬರದ ಸಂಗೀತ, ಅನಧಿಕೃತ ಚಾರಣಗಳನ್ನು ನಿಷೇಧಿಸುವಂತೆ ಸೂಚಿಸಿತು. ನಾವು ಸಂತೋಷಪಟ್ಟೆವು. ಆದರೆ ಅದೇ ಬೆಟ್ಟವನ್ನು ಸಂತಾಲರು ಮರಾಂಗ್ ಬುರು ಎಂದು ತಲೆಮಾರುಗಳಿಂದ ಪೂಜಿಸುತ್ತಾರೆ. ಅವರ ಪೂಜಾವಿಧಿಗಳು ನಮ್ಮ ಅಹಿಂಸೆಗೆ ಹೊಂದುವಂಥವಲ್ಲ. ಅವರೂ ಬೀದಿಗಿಳಿದರು. ಇಲ್ಲಿ ಸುಲಭದ ಉತ್ತರ ನನ್ನಲ್ಲಿಲ್ಲ. ಕೇಳಿ ಒಳಹೋಗಬೇಕೆಂಬ ಮೂಲಾಚಾರದ ಮಾತು, ಮೊದಲೇ ಅಲ್ಲಿರುವವರನ್ನು ಒಪ್ಪಿಕೊಂಡು ಆಡಿದ ಮಾತು ಎಂಬುದನ್ನು ಮಾತ್ರ ನೆನೆಯುತ್ತೇನೆ.

ಚಿಕ್ಕಬೆಟ್ಟದ ಆ ಬೆಳಗಿಗೆ ಮರಳುತ್ತೇನೆ. ಹುಡುಗಿಗೆ ನಾನು ಅರ್ಧಂಬರ್ಧ ಹೇಳಿದೆ: ಸ್ಮಶಾನವಲ್ಲಮ್ಮಾ, ಬಿಟ್ಟುಹೋಗಲು ಬಂದವರ ಜಾಗ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮ ಮೇಷ್ಟ್ರು ಎಳೆದುಕೊಳ್ಳಿ ಅಂದರಲ್ಲ’ ಎಂದಳು. ಅವಳ ಮಾತಿನಲ್ಲಿ ಅಣಕವಿರಲಿಲ್ಲ, ನಿಜವಾದ ಗೊಂದಲವಿತ್ತು. ಆಮೇಲೆ ಹೋಗಿ ಅವರೊಡನೆ ಏನೋ ಮಾತಾಡಿದಳು. ಸ್ಪೀಕರ್ ನಿಂತಿತು. ಚಾಪೆಗಳೆಲ್ಲ ಎದ್ದು, ಅಕ್ಷರಗಳಿಲ್ಲದ ಕಡೆಯ ಬಂಡೆಗೆ ಹೋದವು. ನಾನು ಸಿದ್ಧಪಡಿಸಿದ ಭಾಷಣ ಹಾಗೆಯೇ ನನ್ನಲ್ಲೇ ಉಳಿಯಿತು.

ಮತ್ತೆ ಕುಳಿತುಕೊಳ್ಳೋಣವೆಂದುಕೊಂಡೆ. ಬಿಸಿಲು ಏರತೊಡಗಿತ್ತು, ಕಲ್ಲು ಕಾಯುವ ಮೊದಲು ಇಳಿಯಬೇಕು. ಅವರು ಮಾತ್ರ ಕುಳಿತೇ ಇದ್ದರು. ಸದ್ದಿಲ್ಲದೆ, ಬೆನ್ನು ನೇರವಾಗಿಟ್ಟು, ನಾನು ಇಳಿಯತೊಡಗಿದಾಗಲೂ. ಹಕ್ಕಿಗಳು ಕೂಗತೊಡಗಿದ್ದವು.

ಬುಡಕ್ಕೆ ಬಂದು ಚಪ್ಪಲಿ ಬಿಟ್ಟಲ್ಲಿಗೆ ತಲುಪಿದ ಮೇಲೆ, ಹೊರಡುವಾಗ ಆಸಹಿ ಹೇಳಲಿಲ್ಲವೆಂಬುದು ನೆನಪಾಯಿತು. ಮತ್ತೆ ಹತ್ತಲು ಮೊಣಕಾಲು ಒಪ್ಪಲಿಲ್ಲ. ಬೆಟ್ಟದ ಕಡೆಗೆ ತಿರುಗಿ ನಿಂತು, ಕೈಮುಗಿದು, ಮೂರು ಸಲ ಮೆಲ್ಲಗೆ ಹೇಳಿದೆ. ಚಪ್ಪಲಿ ಕಾಯುವಾತ ನನ್ನನ್ನೇ ನೋಡುತ್ತಿದ್ದ.

‘ಏನ್ ಸ್ವಾಮಿ, ಮೇಲೆ ಏನಾದರೂ ಬಿಟ್ಟು ಬಂದಿರಾ?’ ಎಂದು ಕೇಳಿದ.

‘ಇಲ್ಲಪ್ಪ’ ಎಂದೆ.